ಇಪ್ಪತ್ತೊಂದು ಕಡುಬಿನಲ್ಲಿ ಮಗುವಿನ ಪಾಲು: ಓದುಗರ ಪ್ರಶ್ನೆಗಳಿಗೆ ಉತ್ತರ

ಗೌರಿ-ಗಣೇಶ ಹಬ್ಬ ಹತ್ತಿರವಾದಂತೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಪ್ರತಿವರ್ಷವೂ ಒಂದೇ ಸಂಗತಿ ಬೇರೆ ಬೇರೆ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಮನೆಯಲ್ಲಿ ಹಬ್ಬದ ಸಿಹಿ ಮಾಡುವಾಗ ಪುಟ್ಟ ಮಗು ಬಂದು ಸೆರಗು ಹಿಡಿದು "ನಾನೂ ಮಾಡ್ತೀನಿ" ಎನ್ನುತ್ತದೆ. ಬೇಡವೆನ್ನಲು ಮನಸ್ಸು ಬಾರದು, ಸರಿ ಎನ್ನಲು ಒಲೆಯ ಮೇಲಿನ ಪಾಕ ಬಿಡದು. ಈ ಸಂಚಿಕೆಗೆ ಅಂಥ ಆರು ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಕೆಲವರು ಮುಂದಿನ ಹಬ್ಬಗಳ ಬಗೆಗೂ ಈಗಲೇ ಕೇಳಿದ್ದಾರೆ. ಅವನ್ನೂ ಇಲ್ಲಿಯೇ ಸೇರಿಸಿದ್ದೇನೆ.

ಪ್ರಶ್ನೆ: ನನ್ನ ಮಗಳಿಗೆ ಈಗ ನಾಲ್ಕೂವರೆ ವರ್ಷ. ಕಳೆದ ಗಣೇಶನ ಹಬ್ಬದಲ್ಲಿ ನಾನು ಕಡುಬು ಮಾಡುತ್ತಿದ್ದಾಗ ತಾನೂ ಮಾಡುತ್ತೇನೆಂದು ಹಟ ಹಿಡಿದಳು. ಒಂದು ಹಿಡಿ ಹಿಟ್ಟು ಕೊಟ್ಟು ಮೂಲೆಯಲ್ಲಿ ಕೂರಿಸಿದೆ. ಸ್ವಲ್ಪ ಹೊತ್ತು ಆಡಿದವಳು ಕೊನೆಗೆ ಅದನ್ನು ನೆಲಕ್ಕೆ ಎಸೆದು, "ನಂದು ಯಾಕೆ ಬೇಯಿಸ್ಲಿಲ್ಲ" ಎಂದು ಅತ್ತಳು. ಪೂಜೆಗೆ ಹೊತ್ತಾಗಿತ್ತು, ನಾನೂ ಗದರಿದೆ. ಹಬ್ಬದ ದಿನ ಮಗುವನ್ನು ಅಳಿಸಿದೆನಲ್ಲ ಎಂಬ ಬೇಸರ ಇನ್ನೂ ಹೋಗಿಲ್ಲ. ಈ ವರ್ಷ ಅವಳಿಗೆ ಯಾವ ಕೆಲಸ ಕೊಡಲಿ?
(ಒಬ್ಬ ತಾಯಿ, ತುಮಕೂರು)

ಉತ್ತರ: ನಿಮ್ಮ ಮಗಳು ಅಳುತ್ತ ಕೇಳಿದ ಮಾತಿನಲ್ಲಿಯೇ ನಿಮ್ಮ ಪ್ರಶ್ನೆಗೆ ಉತ್ತರವಿದೆ. ಅವಳಿಗೆ ಬೇಕಾಗಿದ್ದುದು ಆಡಲು ಹಿಟ್ಟಲ್ಲ. ಎಲ್ಲರ ಕಡುಬಿನ ಜೊತೆಗೆ ಬೇಯುವ, ದೇವರ ಮುಂದೆ ಇಡುವ, ಮನೆಯವರು ತಿನ್ನುವ ಕಡುಬು. ನಾಲ್ಕು ವರ್ಷದ ಮಗುವಿಗೆ ಬೇರೆಷ್ಟೋ ತಿಳಿಯದಿದ್ದರೂ, ತನಗೆ ಕೊಟ್ಟ ಕೆಲಸ ನಿಜವಾದದ್ದೋ ಅಥವಾ ತನ್ನನ್ನು ಸುಮ್ಮನಿರಿಸಲು ಕೊಟ್ಟದ್ದೋ ಎಂಬುದು ಬಹಳ ಬೇಗ ತಿಳಿಯುತ್ತದೆ. ಆದ್ದರಿಂದ ನನ್ನ ಮೊದಲ ಸಲಹೆಯೆಂದರೆ, ಕೆಲಸ ಎಷ್ಟೇ ಚಿಕ್ಕದಾಗಿರಲಿ, ಅದನ್ನು ಅವಳು ಮಾಡದಿದ್ದರೆ ಕಡುಬು ಆಗುವುದಿಲ್ಲ ಎನ್ನುವಂಥ ಕೆಲಸವನ್ನೇ ಕೊಡಿ.

ಕಡುಬಿನಲ್ಲಿ ಅಂಥ ಕೆಲಸಗಳಿಗೆ ಕೊರತೆಯಿಲ್ಲ, ಆದರೆ ಅವೆಲ್ಲವನ್ನೂ ಹಬ್ಬದ ಬೆಳಿಗ್ಗೆಯೇ ಇಟ್ಟುಕೊಳ್ಳುವುದರಿಂದ ತೊಂದರೆಯಾಗುತ್ತದೆ. ಮಂಟಪ ಕಟ್ಟಬೇಕು, ಗರಿಕೆ ಹೂವು ಹೊಂದಿಸಬೇಕು, ಪೂಜೆಗೆ ಕೂರುವವರು ಅವಸರಪಡಿಸುತ್ತಿರುತ್ತಾರೆ. ಆ ಹೊತ್ತಿನಲ್ಲಿ ಮಗುವಿಗೆ ಬೇಕಾದ ತಾಳ್ಮೆ ಯಾವ ತಾಯಿಯ ಬಳಿಯೂ ಉಳಿದಿರುವುದಿಲ್ಲ. ಹೂರಣವನ್ನು ಹಿಂದಿನ ದಿನ ಸಂಜೆಯೇ ಮಾಡಿಕೊಳ್ಳಿ. ಎರಡು ಸಣ್ಣ ಲೋಟ ತೆಂಗಿನ ತುರಿಗೆ ಒಂದೂವರೆ ಲೋಟ ಪುಡಿ ಮಾಡಿದ ಬೆಲ್ಲ ಸಾಕು. ಒಲೆಯ ಮೇಲೆ ಇಡುವ ಮೊದಲೇ, ತಣ್ಣಗಿರುವಾಗ, ಎರಡನ್ನೂ ಅಗಲವಾದ ತಟ್ಟೆಯಲ್ಲಿ ಹಾಕಿ ಅವಳ ಎರಡೂ ಕೈಗಳಿಂದ ಚೆನ್ನಾಗಿ ಬೆರೆಸಲು ಹೇಳಿ. ಬೆಲ್ಲ ಕೊಬ್ಬರಿಯ ಹಸಿಗೆ ನಿಧಾನವಾಗಿ ಕರಗಿ ಬೆರಳಿಗೆ ಅಂಟುವುದನ್ನು ಅವಳು ನೋಡಲಿ, ನೆಕ್ಕಬೇಕೆನಿಸಿದರೆ ನೆಕ್ಕಲಿ. ಏಲಕ್ಕಿ ಸಿಪ್ಪೆ ಬಿಡಿಸಿ, ಕಾಳನ್ನು ಪುಟ್ಟ ಕುಟ್ಟಾಣಿಯಲ್ಲಿ ಕುಟ್ಟುವುದೂ ಅವಳದೇ ಕೆಲಸವಾಗಲಿ. ನನಗೆ ನನ್ನ ಅಜ್ಜಿಯ ಮನೆಯಲ್ಲಿ ಮೊಟ್ಟಮೊದಲು ಸಿಕ್ಕ ಕೆಲಸ ಈ ಏಲಕ್ಕಿ ಬಿಡಿಸುವುದೇ ಆಗಿತ್ತು. ಇಂದಿಗೂ ಏಲಕ್ಕಿಯ ವಾಸನೆ ಮೂಗಿಗೆ ತಾಕಿದರೆ ಆ ಅಡುಗೆಮನೆಯ ಕಿಟಕಿ ಕಣ್ಣಮುಂದೆ ಬರುತ್ತದೆ.

ಹೂರಣವನ್ನು ಒಲೆಯ ಮೇಲೆ ಕೈಯಾಡಿಸುವುದು ನಿಮ್ಮ ಕೆಲಸ. ಅದು ಸಂಪೂರ್ಣ ಆರಬೇಕು, ಏಕೆಂದರೆ ಮೇಲೆ ಆರಿದಂತೆ ಕಂಡ ಬೆಲ್ಲದ ಹೂರಣ ಒಳಗೆ ಬಹಳ ಹೊತ್ತು ಸುಡುತ್ತಲೇ ಇರುತ್ತದೆ. ಆರಿದ ಮೇಲೆ ಅವಳನ್ನು ಕೂರಿಸಿಕೊಂಡು ಇಪ್ಪತ್ತೊಂದು ಉಂಡೆ ಮಾಡಿಸಿ. ಗಣೇಶನಿಗೆ ಇಪ್ಪತ್ತೊಂದು ಕಡುಬು ಎಂಬ ವಾಡಿಕೆ ನಮ್ಮಲ್ಲಿ ಇರುವುದರಿಂದ ಎಣಿಸುವುದಕ್ಕೂ ಒಂದು ಕಾರಣ ಸಿಗುತ್ತದೆ. ಹದಿಮೂರರ ನಂತರ ಅವಳು ಹದಿನೈದಕ್ಕೆ ಹಾರಬಹುದು, ಅದನ್ನು ತಿದ್ದಲು ಅವಸರ ಬೇಡ. ಏಳೇಳರ ಮೂರು ಸಾಲು ಮಾಡಿಸಿದರೆ ಲೆಕ್ಕ ಕಣ್ಣಿಗೇ ಕಾಣುತ್ತದೆ. ಉಂಡೆಗಳು ಒಂದೇ ಗಾತ್ರಕ್ಕೆ ಬರಬೇಕೆಂದರೆ ಅಳತೆಗೆ ಒಂದು ಚಿಕ್ಕ ಚಮಚ ಕೊಡಿ. ಈ ವಯಸ್ಸಿನ ಮಕ್ಕಳಿಗೆ ಅಳತೆಯ ವಿಷಯದಲ್ಲಿ ಒಂದು ವಿಶೇಷವಿದೆ. ಒಂದೇ ಪ್ರಮಾಣದ ನೀರನ್ನು ಅಗಲವಾದ ಬಟ್ಟಲಿನಿಂದ ಎತ್ತರದ ಲೋಟಕ್ಕೆ ಸುರಿದರೆ, ಲೋಟದಲ್ಲಿರುವುದೇ ಹೆಚ್ಚು ಎಂದು ಆರೇಳು ವರ್ಷದೊಳಗಿನ ಹೆಚ್ಚಿನ ಮಕ್ಕಳು ಹೇಳುತ್ತಾರೆಂದು ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ತೋರಿಸಿಕೊಟ್ಟರು. ಆದ್ದರಿಂದ ಅವಳು ಚಪ್ಪಟೆ ಉಂಡೆಯನ್ನು ಕಂಡು "ಇದು ದೊಡ್ಡದು" ಎಂದರೆ ಅದು ಹಟವಲ್ಲ, ಅವಳಿಗೆ ಕಾಣುವುದೇ ಹಾಗೆ. ಉಂಡೆಗಳನ್ನು ಮುಚ್ಚಿ ಫ್ರಿಜ್‌ನಲ್ಲಿ ಇಟ್ಟುಬಿಟ್ಟರೆ ಮರುದಿನಕ್ಕೆ ಅರ್ಧ ಕೆಲಸ ಮುಗಿಯಿತು, ಅದರಲ್ಲಿ ದೊಡ್ಡ ಪಾಲು ಅವಳದು.

ಹಬ್ಬದ ಬೆಳಿಗ್ಗೆ ಎರಡು ಲೋಟ ಅಕ್ಕಿ ಹಿಟ್ಟಿಗೆ ಎರಡೂಕಾಲರಿಂದ ಎರಡೂವರೆ ಲೋಟ ನೀರು ಕುದಿಸಿ, ಚಿಟಿಕೆ ಉಪ್ಪು, ಒಂದು ಚಮಚ ಎಣ್ಣೆ ಹಾಕಿ, ಹಿಟ್ಟು ಉಕ್ಕರಿಸಿ ನಾದುವಷ್ಟನ್ನು ನೀವು ಮಾಡಿ. ಹಿಟ್ಟು ಕೈಗೆ ಹಿತವೆನಿಸುವಷ್ಟು ಬೆಚ್ಚಗಾದ ಮೇಲೆ ಅವಳನ್ನು ಕರೆಯಿರಿ. ನೀವು ನಿಂಬೆಹಣ್ಣಿನ ಗಾತ್ರದ ಉಂಡೆ ತೆಗೆದುಕೊಳ್ಳುವಲ್ಲಿ ಅವಳಿಗೆ ನೆಲ್ಲಿಕಾಯಿ ಗಾತ್ರದ್ದು ಸಾಕು, ಏಕೆಂದರೆ ದೊಡ್ಡ ಉಂಡೆ ಆ ಪುಟ್ಟ ಅಂಗೈಯಲ್ಲಿ ನಿಲ್ಲುವುದಿಲ್ಲ. ಅವಳ ಪಾಲಿನ ಹೂರಣದ ಉಂಡೆಗಳನ್ನೂ ಹಿಂದಿನ ರಾತ್ರಿ ಚಿಕ್ಕದಾಗಿಯೇ ಕಟ್ಟಿಸಿಡಿ. ಕೈಯಿಂದ ಬಟ್ಟಲು ಮಾಡುವುದು ಅವಳಿಗೆ ಕಷ್ಟವಾದರೆ ಪೇಟೆಯಲ್ಲಿ ಸಿಗುವ, ಎರಡು ಹೋಳಾಗಿ ತೆರೆದುಕೊಳ್ಳುವ ಮೋದಕದ ಅಚ್ಚು ಕೊಡಿ. ಹಿಟ್ಟು ಬಿರುಕು ಬಿಡದಂತೆ ಒದ್ದೆ ಬಟ್ಟೆ ಮುಚ್ಚಿಡಬೇಕು. ಆ ಬಟ್ಟೆಯನ್ನು ಪ್ರತಿ ಸಲವೂ ನೆನಪಿನಿಂದ ಮುಚ್ಚುವ ಹೊಣೆಯನ್ನು ಅವಳಿಗೆ ವಹಿಸಿ ನೋಡಿ, ನಿಮಗಿಂತ ಚೆನ್ನಾಗಿ ಮಾಡುತ್ತಾಳೆ. ಅವಳು ಹೂರಣ ಹೆಚ್ಚು ತುಂಬುತ್ತಾಳೆ, ಕಡುಬು ಬಾಯಿ ಬಿಡುತ್ತದೆ, ಆವಿಯಲ್ಲಿ ಬೆಲ್ಲ ಸ್ವಲ್ಪ ಸೋರಿ ಬಾಳೆಲೆಯನ್ನು ಅಂಟು ಮಾಡುತ್ತದೆ. ಒದ್ದೆ ಬೆರಳಿನಿಂದ ಬಿರುಕು ಒತ್ತುವುದನ್ನು ಒಮ್ಮೆ ತೋರಿಸಿಕೊಡಿ. ಆದರೆ ಅವಳು ಮಾಡಿದ ಕಡುಬನ್ನು ಅವಳು ಅತ್ತ ಹೋದಾಗ ಮುರಿದು ಮತ್ತೆ ಮಾಡಬೇಡಿ. ಹಾಗೆ ಮಾಡಿದ್ದು ಮಕ್ಕಳಿಗೆ ತಿಳಿಯದೆ ಇರುವುದಿಲ್ಲ. ನಿಮ್ಮ ಕಡುಬುಗಳಿರುವ ತಟ್ಟೆಯಲ್ಲಿಯೇ ಅವಳದನ್ನೂ ಇಟ್ಟು, ಇಡ್ಲಿ ಪಾತ್ರೆಯಲ್ಲಿ ಹತ್ತು ಹನ್ನೆರಡು ನಿಮಿಷ ಬೇಯಿಸಿ.

ಇಪ್ಪತ್ತು ನಿಮಿಷದ ನಂತರ ಅವಳು ಎದ್ದು ಹೋದರೆ ಹೋಗಲಿ. ಏಳು ಕಡುಬು ಮಾಡಿ ಎದ್ದರೂ, ಆ ಏಳು ಅವಳವೇ.

ಪ್ರಶ್ನೆ: ನಮ್ಮ ಮನೆಯಲ್ಲಿ ಅತ್ತೆಯವರು ಮಡಿಯಲ್ಲಿ ಅಡುಗೆ ಮಾಡುತ್ತಾರೆ. ನೈವೇದ್ಯವಾಗುವ ತನಕ ಯಾರೂ ರುಚಿ ನೋಡುವಂತಿಲ್ಲ. ನಮ್ಮ ಮೂರು ವರ್ಷದ ಮಗ ಹಿಟ್ಟಿಗೆ ಕೈ ಹಾಕಿ ಬಾಯಿಗೆ ಇಟ್ಟುಕೊಳ್ಳುತ್ತಾನೆ. ಅತ್ತೆಯವರ ಮನಸ್ಸು ನೋಯಿಸಲು ಇಷ್ಟವಿಲ್ಲ, ಮಗುವನ್ನು ಅಡುಗೆಮನೆಯಿಂದ ದೂಡಲೂ ಇಷ್ಟವಿಲ್ಲ.
(ಒಬ್ಬ ಸೊಸೆ, ಶಿವಮೊಗ್ಗ)

ಉತ್ತರ: ಇಲ್ಲಿ ನಿಮ್ಮ ಅತ್ತೆಯವರ ಶ್ರದ್ಧೆಯೂ ದೊಡ್ಡದು, ಮಗುವಿನ ಹಂಬಲವೂ ದೊಡ್ಡದು, ಒಂದಕ್ಕಾಗಿ ಇನ್ನೊಂದನ್ನು ಬಿಟ್ಟುಕೊಡಬೇಕಾಗಿಲ್ಲ. ಮೂರು ವರ್ಷದ ಮಗುವಿಗೆ "ನೈವೇದ್ಯ ಆದ ಮೇಲೆ" ಎಂಬ ಮಾತಿಗೆ ಅರ್ಥವೇ ಇಲ್ಲ, ಏಕೆಂದರೆ ಒಂದು ಗಂಟೆ ಎಂದರೆ ಎಷ್ಟು ಎಂಬುದು ಆ ವಯಸ್ಸಿಗೆ ಗೊತ್ತಿರುವುದಿಲ್ಲ. ಸಿಹಿಯನ್ನು ಎದುರಿಗಿಟ್ಟುಕೊಂಡು ಅವನನ್ನು ತಡೆಯುವುದಕ್ಕಿಂತ, ಬಾಯಿಗೆ ಇಟ್ಟುಕೊಳ್ಳಬೇಕೆನಿಸದ ಹಂತಗಳಲ್ಲಿ ಅವನನ್ನು ಸೇರಿಸಿಕೊಳ್ಳುವುದು ಸುಲಭ. ಬಾಳೆಲೆ ಒರೆಸುವುದು, ಬೇಳೆಯಲ್ಲಿ ಕಲ್ಲು ಹುಡುಕುವುದು, ಅಕ್ಕಿ ತೊಳೆಯುವಾಗ ಬಿಳಿ ನೀರು ಬಸಿಯುವುದನ್ನು ನೋಡುತ್ತ ಕೈಯಾಡಿಸುವುದು, ಗರಿಕೆಯನ್ನು ಇಪ್ಪತ್ತೊಂದರ ಕಟ್ಟಾಗಿ ಮಾಡುವಾಗ ಎಳೆ ಎಳೆಯಾಗಿ ಎತ್ತಿಕೊಡುವುದು, ಇವೆಲ್ಲ ಮೂರು ವರ್ಷದವನು ಸಂತೋಷದಿಂದ ಮಾಡಬಲ್ಲ ಕೆಲಸಗಳು.

ಮಕ್ಕಳಿಗೆ ಮಡಿ ಮೈಲಿಗೆ ಇಲ್ಲ ಎಂಬ ಮಾತು ನಮ್ಮ ಹಿರಿಯರಲ್ಲಿಯೇ ಇದೆ. ನಿಮ್ಮ ಅತ್ತೆಯವರು ಅದನ್ನು ಒಪ್ಪುತ್ತಾರೋ ಇಲ್ಲವೋ, ನೀವೇ ಒಮ್ಮೆ ವಿನಯದಿಂದ ಕೇಳಿ. ವಾದ ಮಾಡುವುದಕ್ಕಾಗಿ ಅಲ್ಲ, ಮಗುವಿಗೆ ಯಾವ ಕೆಲಸ ಕೊಡಬಹುದೆಂದು ಅವರಿಂದಲೇ ಹೇಳಿಸುವುದಕ್ಕಾಗಿ. "ಅತ್ತೆ, ಇವನ ಕೈಯಲ್ಲಿ ಏನು ಮಾಡಿಸೋಣ?" ಎಂದು ಕೇಳಿದರೆ ಮೊಮ್ಮಗನಿಗೆ ಒಂದು ಕೆಲಸ ಹುಡುಕದ ಅಜ್ಜಿಯನ್ನು ನಾನು ಕಂಡಿಲ್ಲ. ಪಂಚಕಜ್ಜಾಯ ಇದಕ್ಕೆ ಬಹಳ ಅನುಕೂಲ. ನೈವೇದ್ಯದ್ದನ್ನು ಅವರು ಮಡಿಯಲ್ಲಿ ಕಲಸಿಡಲಿ. ಮಂಗಳಾರತಿ ಮುಗಿದ ಕೂಡಲೇ ಹುರಿಗಡಲೆ ಪುಡಿ, ಬೆಲ್ಲದ ಪುಡಿ, ತೆಂಗಿನ ತುರಿ, ಹುರಿದ ಎಳ್ಳು, ಏಲಕ್ಕಿ ಇವನ್ನು ಬೇರೆ ಬಟ್ಟಲಲ್ಲಿ ಇಟ್ಟು, ನೆರೆಮನೆಯವರಿಗೆ ಕೊಡುವ ಪ್ರಸಾದದ ಪಾಲನ್ನು ಅವನೇ ಕಲಸಲಿ. ನೈವೇದ್ಯದ್ದರಿಂದ ಒಂದು ಚಮಚವನ್ನು ಅಜ್ಜಿಯೇ ತಂದು ಅದರಲ್ಲಿ ಬೆರೆಸಿದರೆ ಇಡೀ ಬಟ್ಟಲು ಪ್ರಸಾದವಾಯಿತು. ಒಲೆಯ ಹಂಗಿಲ್ಲ, ಕತ್ತಿಯ ಹಂಗಿಲ್ಲ, ಬಾಯಿಗೆ ಹಾಕಿಕೊಂಡರೆ ಬೈಯುವ ಕಾರಣವೂ ಇಲ್ಲ.

ಪ್ರಶ್ನೆ: ನಮ್ಮ ಕಡೆ ನಾಗರ ಪಂಚಮಿಗೆ ಉಂಡಿ ಕಟ್ಟುವುದು ದೊಡ್ಡ ಸಂಭ್ರಮ. ಈ ಸಲ ಆರು ವರ್ಷದ ಮಗಳು ಶೇಂಗಾ ಉಂಡಿ ಕಟ್ಟಲು ಕೂತು, ಬಿಸಿ ಪಾಕ ತಾಗಿ ಬೆರಳು ಸುಟ್ಟುಕೊಂಡಳು. ಗಾಯ ಚಿಕ್ಕದು, ಮಾಸಿದೆ. ಆದರೆ ನನ್ನ ಗಂಡನಿಗೆ ಈಗ ಮಗುವನ್ನು ಅಡುಗೆಮನೆಗೆ ಬಿಡುವುದೇ ಬೇಡವೆನಿಸಿದೆ. ಅವರ ಮಾತು ಸರಿಯೇ?
(ಓದುಗರು, ಧಾರವಾಡ)

ಉತ್ತರ: ನಿಮ್ಮ ಯಜಮಾನರ ಭಯಕ್ಕೆ ಆಧಾರವಿದೆ, ಆದರೆ ಅವರು ಅದರಿಂದ ತೆಗೆದ ತೀರ್ಮಾನವನ್ನು ನಾನು ಒಪ್ಪಲಾರೆ. ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಉಂಡಿಗೆ ಬೇಕಾದ ಬೆಲ್ಲದ ಪಾಕ ಅದಕ್ಕಿಂತಲೂ ಹೆಚ್ಚು ಬಿಸಿಯಾಗಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಚರ್ಮದ ಮೇಲೆ ಬಿದ್ದ ನೀರು ಹರಿದುಹೋಗುತ್ತದೆ, ಪಾಕ ಅಂಟಿಕೊಂಡು ಕೂರುತ್ತದೆ. ಇದರ ಮೇಲೆ ಪಾಕದ ಉಂಡಿಯನ್ನು ಬಿಸಿ ಇರುವಾಗಲೇ ಕಟ್ಟಬೇಕು, ಆರಿದರೆ ಉದುರುತ್ತದೆ. ಅಂದರೆ ಆ ಕೆಲಸ ಮಗುವಿಗೆ ಹೊಂದುವಂತೆ ಬದಲಾಗಲಾರದು. ಎಂಟು ಹತ್ತು ವರ್ಷದವರೆಗೆ ಪಾಕದ ಉಂಡಿಯನ್ನು ಮಕ್ಕಳ ಕೈಗೆ ಕೊಡಲೇಬೇಡಿ, ಕರಿಯುವ ಎಣ್ಣೆಯ ಬಳಿಯೂ ಬಿಡಬೇಡಿ.

ಹಾಗೆಂದು ಪಂಚಮಿಯ ಉಂಡಿಯೆಲ್ಲ ಪಾಕದ್ದೇ ಅಲ್ಲವಲ್ಲ! ಹುರಿದು ಸಿಪ್ಪೆ ತೆಗೆದ ಎರಡು ಬಟ್ಟಲು ಶೇಂಗಾವನ್ನು ಒಂದು ಬಟ್ಟಲು ಬೆಲ್ಲದೊಂದಿಗೆ ಕುಟ್ಟಿದರೆ, ಶೇಂಗಾದ ಎಣ್ಣೆಯೇ ಬಿಟ್ಟುಕೊಂಡು ಹಿಟ್ಟು ಮುದ್ದೆಯಾಗುತ್ತದೆ; ಪಾಕವೂ ಬೇಡ, ತುಪ್ಪವೂ ಬೇಡ. ಮಿಕ್ಸರ್ ನೀವು ತಿರುಗಿಸಿ, ಕಟ್ಟುವುದನ್ನು ಅವಳಿಗೆ ಬಿಡಿ. ಪುಟಾಣಿ ಹಿಟ್ಟಿಗೆ ಮುಕ್ಕಾಲು ಪಾಲು ಬೆಲ್ಲದ ಪುಡಿ, ಒಂದಿಷ್ಟು ಒಣ ಕೊಬ್ಬರಿ, ಏಲಕ್ಕಿ ಸೇರಿಸಿ, ಉಗುರುಬೆಚ್ಚಗಿನ ತುಪ್ಪವನ್ನು ಚಮಚ ಚಮಚವಾಗಿ ಹಾಕುತ್ತ ಹೋದರೆ ಅದೂ ಉಂಡಿಯಾಗುತ್ತದೆ. ಎಷ್ಟು ತುಪ್ಪಕ್ಕೆ ಹಿಟ್ಟು ನಿಲ್ಲುತ್ತದೆ ಎಂಬುದನ್ನು ಮುಷ್ಟಿಯಲ್ಲಿ ಹಿಸುಕಿ ನೋಡಿ ಹೇಳುವ ಕೆಲಸವನ್ನು ಅವಳಿಗೆ ಒಪ್ಪಿಸಿ. ಹದ ನೋಡುವುದು ಎಂದರೆ ಇದೇ. ಇದನ್ನು ಬಾಯಿಮಾತಿನಲ್ಲಿ ಕಲಿಸಲು ಆಗುವುದಿಲ್ಲ. ಶೇಂಗಾ ಸಿಪ್ಪೆಯನ್ನು ಅಂಗೈಯಲ್ಲಿ ಉಜ್ಜಿ, ಅಂಗಳಕ್ಕೆ ಹೋಗಿ ಊದಿ ಹಾರಿಸುವುದನ್ನು ಯಾವ ಮಗುವೂ ಬೇಡವೆನ್ನುವುದಿಲ್ಲ. ಮನೆಯಲ್ಲಿ ಇನ್ನೂ ಚಿಕ್ಕ ಮಗುವಿದ್ದರೆ ಮಾತ್ರ ಒಂದು ಎಚ್ಚರ: ನಾಲ್ಕೈದು ವರ್ಷ ತುಂಬುವ ತನಕ ಇಡೀ ಶೇಂಗಾ ಕಾಳನ್ನು ತಿನ್ನಲು ಕೊಡಬಾರದು, ನಗುತ್ತಲೋ ಓಡುತ್ತಲೋ ತಿಂದರೆ ಅದು ಉಸಿರಿನ ದಾರಿಗೆ ಇಳಿಯುವ ಅಪಾಯವಿದೆ.

ಒಲೆ ಉರಿಯುತ್ತಿರುವಾಗ ಮಗು ಎಲ್ಲಿರಬೇಕೆಂಬುದನ್ನು ನೆಲದ ಮೇಲೆ ಗುರುತು ಮಾಡಿಡಿ. ನಮ್ಮ ಮನೆಯಲ್ಲಿ ಅಡುಗೆಮನೆಯ ಬಾಗಿಲಿನ ಈಚೆ ರಂಗೋಲಿಯ ಗೆರೆ ಎಳೆದು, ಆ ಗೆರೆಯಿಂದ ಹೊರಗೆ ಚಾಪೆ ಹಾಸಿ ಮಕ್ಕಳ ಕೆಲಸವನ್ನೆಲ್ಲ ಅಲ್ಲಿಯೇ ಇಡುತ್ತಿದ್ದೆವು. ಸ್ಟೂಲಿನ ಮೇಲೆ ನಿಲ್ಲಿಸಿ ಒಲೆಯ ಪಕ್ಕದ ಕಟ್ಟೆಯಲ್ಲಿ ಕೆಲಸ ಮಾಡಿಸುವುದು ಚಿತ್ರದಲ್ಲಿ ಚೆಂದ ಕಾಣುತ್ತದೆ, ಆದರೆ ಬಾಣಲೆಯ ಹಿಡಿ ಮಗುವಿನ ಎದೆಯ ಎತ್ತರಕ್ಕೆ ಬರುತ್ತದೆ. ಇಷ್ಟರ ಮೇಲೂ ಸುಟ್ಟರೆ, ತಕ್ಷಣ ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಿರಿ, ಊತ ಬರುವ ಮೊದಲು ಬಳೆ ಉಂಗುರ ತೆಗೆಯಿರಿ. ಮಂಜುಗಡ್ಡೆ, ಟೂತ್‌ಪೇಸ್ಟ್, ಕಾಫಿಪುಡಿ, ಅರಿಶಿನ, ತುಪ್ಪ ಯಾವುದನ್ನೂ ಹಚ್ಚಬೇಡಿ. ಗುಳ್ಳೆ ಎದ್ದರೆ, ಅಥವಾ ಸುಟ್ಟದ್ದು ಮುಖ, ಅಂಗೈ, ಕೀಲುಗಳ ಮೇಲಿದ್ದರೆ, ಅಥವಾ ಮಗುವಿನ ಅಂಗೈಗಿಂತ ಅಗಲವಾಗಿದ್ದರೆ ವೈದ್ಯರ ಬಳಿಗೆ ಹೋಗಲೇಬೇಕು. ಇದಿಷ್ಟನ್ನು ಯಜಮಾನರಿಗೂ ಓದಿ ಹೇಳಿ, ಮುಂದಿನ ಪಂಚಮಿಗೆ ಚಾಪೆಯ ಮೇಲೆ ಮಗಳ ಪಕ್ಕದಲ್ಲಿ ಅವರನ್ನೇ ಕೂರಿಸಿ.

ಪ್ರಶ್ನೆ: ಸಂಕ್ರಾಂತಿಗೆ ನಮ್ಮ ಅಮ್ಮ ಸಕ್ಕರೆ ಅಚ್ಚು ಮಾಡುತ್ತಿದ್ದರು. ಅವರ ಮರದ ಅಚ್ಚುಗಳು ನನ್ನ ಬಳಿ ಇವೆ. ಐದು ವರ್ಷದ ಮಗನ ಜೊತೆ ಮತ್ತೆ ಮಾಡಬೇಕೆಂಬ ಆಸೆ. ಅವನಿಗೆ ಕೆಂಪು, ಹಸಿರು ಬಣ್ಣದ ಅಚ್ಚುಗಳೇ ಬೇಕಂತೆ.
(ಒಬ್ಬ ತಂದೆ, ಬೆಂಗಳೂರು)

ಉತ್ತರ: ಅಮ್ಮನ ಅಚ್ಚುಗಳನ್ನು ಜೋಪಾನ ಮಾಡಿದ್ದೀರಿ ಎಂದು ಓದಿ ಮನಸ್ಸು ತುಂಬಿತು. ಸಕ್ಕರೆ ಅಚ್ಚಿನಲ್ಲಿ ಮಧ್ಯದ ಭಾಗ ಸಂಪೂರ್ಣ ನಿಮ್ಮದು, ಮೊದಲು ಮತ್ತು ಕೊನೆ ಸಂಪೂರ್ಣ ಅವನದು. ಅಚ್ಚುಗಳನ್ನು ನೀರಿನಲ್ಲಿ ಕೆಲವು ಗಂಟೆ ನೆನೆಹಾಕಬೇಕು. ಇಲ್ಲವಾದರೆ ಸಕ್ಕರೆ ಮರಕ್ಕೆ ಅಂಟಿಬಿಡುತ್ತದೆ. ನೆನೆದ ಮರದ ಹೋಳುಗಳಲ್ಲಿ ಆನೆಯ ಅರ್ಧಕ್ಕೆ ಆನೆಯ ಇನ್ನೊಂದು ಅರ್ಧವನ್ನು, ತುಳಸಿಕಟ್ಟೆಗೆ ತುಳಸಿಕಟ್ಟೆಯನ್ನು ಹುಡುಕಿ ಜೋಡಿ ಮಾಡುವುದು, ಒರೆಸುವುದು, ರಬ್ಬರ್ ಬ್ಯಾಂಡ್ ಹಾಕಿ ಬಿಗಿಯುವುದು ಅವನ ಕೆಲಸ. ಸಕ್ಕರೆ ಪಾಕ ಕುದಿಸಿ, ಒಂದು ಚಮಚ ಹಾಲು ಹಾಕಿ ಕೊಳೆ ತೆಗೆದು, ಹದಕ್ಕೆ ಬಂದಾಗ ತಿರುವಿ ಬೆಳ್ಳಗಾಗುತ್ತಿದ್ದಂತೆ ಅಚ್ಚಿಗೆ ಸುರಿಯುವಷ್ಟು ಹೊತ್ತು ಅವನು ಅಡುಗೆಮನೆಯಲ್ಲಿಯೇ ಇರಬಾರದು. ಆ ಹೊತ್ತಿನಲ್ಲಿ ಕೈ ನಡುಗಿದರೂ ಕಷ್ಟ, ಮಾತಿಗೆ ತಿರುಗಿದರೂ ಕಷ್ಟ. ಬೇರೆಯವರು ಅವನನ್ನು ತಾರಸಿಗೆ ಕರೆದುಕೊಂಡು ಹೋಗಿ, ಎಳ್ಳು-ಬೆಲ್ಲಕ್ಕೆಂದು ಒಣಗಲು ಹಾಕಿದ ಕೊಬ್ಬರಿಯ ಚೂರುಗಳನ್ನು ಕಾಗೆಗಳಿಂದ ಕಾಯುವ ಕೆಲಸ ಕೊಡಲಿ. ಅಚ್ಚು ಪೂರ್ತಿ ತಣ್ಣಗಾದ ಮೇಲೆ ರಬ್ಬರ್ ಬ್ಯಾಂಡ್ ಬಿಚ್ಚಿ, ಎರಡು ಹೋಳುಗಳನ್ನು ಬೇರ್ಪಡಿಸಿ, ಒಳಗಿಂದ ಬಿಳಿಯ ಆನೆಯನ್ನು ಹೊರತೆಗೆಯುವ ಕ್ಷಣವನ್ನು ಅವನಿಗೇ ಮೀಸಲಿಡಿ. ಸೊಂಡಿಲು ಮುರಿದ ಆನೆಗಳನ್ನು ಅವನೇ ತಿನ್ನಲಿ.

ಬಣ್ಣದ ವಿಷಯದಲ್ಲಿ ನಾನು ಸ್ವಲ್ಪ ಬಿಗಿಯಾಗಿಯೇ ಹೇಳುತ್ತೇನೆ. ಬಟ್ಟೆಗೆ ಹಾಕುವ ರೋಡಮೈನ್-ಬಿ ಎಂಬ ಬಣ್ಣ ತಿನಿಸಿನಲ್ಲಿ ಕಂಡುಬಂದ ಕಾರಣ 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರವು ಕಾಟನ್ ಕ್ಯಾಂಡಿ ಮತ್ತು ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣದ ಬಳಕೆಯನ್ನು ನಿಷೇಧಿಸಿತು. ಸಂತೆಯಲ್ಲಿ ಪೊಟ್ಟಣ ಕಟ್ಟಿ ಮಾರುವ ಹೆಸರಿಲ್ಲದ ಬಣ್ಣಪುಡಿಯಲ್ಲಿ ಏನಿದೆಯೆಂದು ಕಣ್ಣಿನಿಂದ ನೋಡಿ ತಿಳಿಯುವಂತಿಲ್ಲ. ಬೆಚ್ಚಗಿನ ಹಾಲಿನಲ್ಲಿ ನಾಲ್ಕು ಎಳೆ ಕೇಸರಿ ನೆನೆಸಿ ಅವನ ಕೈಗೆ ಕೊಡಿ, ಹಾಲು ಹೊನ್ನಿನ ಬಣ್ಣಕ್ಕೆ ತಿರುಗುವುದನ್ನು ಅವನು ಕಾಯಲಿ. ಆ ಹಾಲನ್ನೇ ಪಾಕಕ್ಕೆ ಹಾಕಿ ಒಂದಷ್ಟು ಅಚ್ಚುಗಳನ್ನು ಮಾಡಿ. ಕೆಂಪು ಹಸಿರನ್ನು ಎಳ್ಳು-ಬೆಲ್ಲದ ಪೊಟ್ಟಣದ ಕಾಗದದ ಮೇಲೆ ಬಣ್ಣದ ಪೆನ್ಸಿಲಿನಿಂದ ತುಂಬಿಸಲಿ.

ಪ್ರಶ್ನೆ: ಏಳು ವರ್ಷದ ಮಗ ಕರ್ಜಿಕಾಯಿ ಮಾಡಲು ನನ್ನ ಜೊತೆ ಕೂತರೆ, "ಗಂಡು ಹುಡುಗನಿಗೆ ಇದೆಲ್ಲ ಯಾಕೆ" ಎಂದು ನಮ್ಮ ಮಾವನವರು ಅಂದುಬಿಡುತ್ತಾರೆ. ಹುಡುಗ ಎದ್ದು ಹೋಗುತ್ತಾನೆ.
(ಓದುಗರು, ಮಂಡ್ಯ)

ಉತ್ತರ: ಅವರ ಮದುವೆಯಲ್ಲಿ ಅಡುಗೆ ಮಾಡಿದವರು ಯಾರೆಂದು ಮಾವನವರನ್ನು ಗೌರವದಿಂದಲೇ ಕೇಳಿ. ನಮ್ಮ ಅಡುಗೆ ಭಟ್ಟರೆಲ್ಲ ಗಂಡಸರೇ. ರುಚಿಯಾದ ಅಡುಗೆಗೆ ನಾವು ನಳಪಾಕ, ಭೀಮಪಾಕ ಎಂದು ಹೆಸರಿಟ್ಟದ್ದೂ ಇಬ್ಬರು ಅರಸು ಮಕ್ಕಳ ಕೈಗುಣಕ್ಕೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಪಾಕನ್ನು ಮೊದಲು ಮಾಡಿದವರು ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರೆಂದೇ ಮೈಸೂರಿನಲ್ಲಿ ಹೇಳುತ್ತಾರೆ. ಆದರೆ ವಾದಕ್ಕಿಂತ ಮೊಮ್ಮಗನೇ ತಟ್ಟೆ ಹಿಡಿದು ಹೋಗಿ, "ತಾತ, ಇದರ ಅಂಚು ನಾನು ಮಡಚಿದ್ದು" ಎಂದು ಕೊಡುವುದು ಹೆಚ್ಚು ಕೆಲಸ ಮಾಡುತ್ತದೆ. ಕರ್ಜಿಕಾಯಿಯ ಅಂಚು ಮಡಚಲು ಏಳು ವರ್ಷದ ಬೆರಳುಗಳೇ ಸರಿಯಾದ ಅಳತೆ. ಎಣ್ಣೆಗೆ ಬಿಡುವುದು ಮಾತ್ರ ನಿಮ್ಮ ಕೈಯಲ್ಲಿರಲಿ. ಮಾವನವರು ಮಾತು ಆಡಿದಾಗ ನೀವು ಮೌನವಾಗಿರಬೇಡಿ. "ಇವನಿಲ್ಲದಿದ್ದರೆ ನನಗೆ ಆಗುತ್ತಿರಲಿಲ್ಲ, ಮಾವ" ಎಂಬ ಒಂದು ಮಾತು ಹುಡುಗನ ಕಿವಿಗೆ ಬೀಳಲಿ.

ಪ್ರಶ್ನೆ: ನಾನು ಮಂಗಳೂರಿನವಳು. ಕ್ರಿಸ್ಮಸ್‌ಗೆ ಮೊಮ್ಮಕ್ಕಳು ಬರುತ್ತಾರೆ, ಒಬ್ಬಳಿಗೆ ಐದು, ಇನ್ನೊಬ್ಬನಿಗೆ ಮೂರು. ನಾವು ಚಿಕ್ಕವರಿದ್ದಾಗ ಕುಸ್ವಾರ್, ಅಂದರೆ ಕ್ರಿಸ್ಮಸ್‌ನ ತಿಂಡಿಗಳನ್ನು, ಮಾಡಲು ಮನೆಯ ಮಕ್ಕಳೆಲ್ಲ ಸಾಲಾಗಿ ಕೂರುತ್ತಿದ್ದೆವು. ಈಗ ಬೇಕರಿಯಿಂದ ತರುತ್ತೇವೆ. ಮಕ್ಕಳೊಂದಿಗೆ ಮತ್ತೆ ಮಾಡಬೇಕೆಂದರೆ ಎಲ್ಲಿಂದ ಆರಂಭಿಸಲಿ?
(ಒಬ್ಬ ಅಜ್ಜಿ, ಮಂಗಳೂರು)

ಉತ್ತರ: ಕಿಡಿಯೋದಿಂದ ಆರಂಭಿಸಿ. ಕುಸ್ವಾರ್‌ನ ತಟ್ಟೆಯಲ್ಲಿ ನೆವ್ರಿಯೋ, ಗುಳಿಯೋ, ತುಕ್ಡಿ, ಕೊಕ್ಕಿಸಾಂ ಎಲ್ಲವೂ ಇದ್ದರೂ, ಮಕ್ಕಳ ಕೈಗಳಿಗೆಂದೇ ಹುಟ್ಟಿದ್ದು ಕಿಡಿಯೋ ಒಂದೇ ಎಂದು ನನಗೆ ಅನಿಸುತ್ತದೆ. ಕೊಂಕಣಿಯಲ್ಲಿ ಆ ಹೆಸರಿಗೆ ಹುಳುಗಳು ಎಂದು ಅರ್ಥ ಎಂಬುದನ್ನು ಮೊದಲು ಮೊಮ್ಮಕ್ಕಳಿಗೆ ಹೇಳಿಬಿಡಿ, ಆಮೇಲೆ ಅವರನ್ನು ಕರೆಯುವ ಅಗತ್ಯವೇ ಬೀಳುವುದಿಲ್ಲ. ಮೈದಾಕ್ಕೆ ತೆಂಗಿನ ಹಾಲು, ತುಪ್ಪ, ಚಿಟಿಕೆ ಉಪ್ಪು ಹಾಕಿ ನಾದಿದ ಹಿಟ್ಟನ್ನು ಗೋಲಿಗಿಂತ ಚಿಕ್ಕ ಉಂಡೆಗಳಾಗಿ ಮಾಡಿ, ಫೋರ್ಕಿನ ಬೆನ್ನಿನ ಮೇಲೋ ಹೊಸ ಬಾಚಣಿಗೆಯ ಮೇಲೋ ಒತ್ತಿ ಸುರುಳಿ ಸುತ್ತುವುದನ್ನು ನೀವು ಮರೆತಿರಲಾರಿರಿ. ಐದು ವರ್ಷದವಳು ಒತ್ತಿ ಸುತ್ತುತ್ತಾಳೆ. ಮೂರು ವರ್ಷದವನಿಗೆ ಸುರುಳಿ ಬಾರದು. ಹಿಟ್ಟಿನ ಹಾವುಗಳನ್ನು ಹೊಸೆದು ಕೊಡಲಿ, ನೀವು ಅವನ್ನು ತುಂಡರಿಸಿ. ಒಬ್ಬೊಬ್ಬರ ಮುಂದೆಯೂ ಒಂದೊಂದು ತಟ್ಟೆ ಇರಲಿ. ಒಂದೇ ತಟ್ಟೆ ಕೊಟ್ಟರೆ ಕಿಡಿಯೋಗಿಂತ ಹೆಚ್ಚು ಜಗಳವಾಗುತ್ತದೆ.

ಅವರು ಹಸಿ ಹಿಟ್ಟನ್ನು ಬಾಯಿಗೆ ಹಾಕಿಕೊಳ್ಳದಂತೆ ಮಾತ್ರ ನೋಡಿಕೊಳ್ಳಿ. ಹಿಟ್ಟಿಗೆ ಮೊಟ್ಟೆ ಹಾಕುವ ಮನೆಗಳಲ್ಲಿ ಇದನ್ನು ಎಲ್ಲರೂ ಬಲ್ಲರು, ಆದರೆ ಬೇಯದ ಮೈದಾದಲ್ಲಿಯೂ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದೆಂಬುದನ್ನು ಹಲವರು ಗಮನಿಸುವುದಿಲ್ಲ. ಬಾಯಾಡಿಸಲು ಪಕ್ಕದಲ್ಲಿ ಸ್ವಲ್ಪ ಒಣದ್ರಾಕ್ಷಿ ಇಟ್ಟುಕೊಳ್ಳಿ, ಮೂರು ವರ್ಷದವನಿಗೆ ಅದನ್ನು ಚೂರು ಮಾಡಿ ಕೊಡಿ. ಕರಿದು, ಸಕ್ಕರೆ ಪಾಕ ಹಚ್ಚಿ, ಆರಿದ ಮೇಲೆ ತಟ್ಟೆ ತುಂಬುವ ಕೆಲಸ ಮತ್ತೆ ಮಕ್ಕಳದು. ಕುಸ್ವಾರ್ ತಟ್ಟೆ ನೆರೆಹೊರೆಯ ಹಿಂದೂ, ಮುಸ್ಲಿಂ ಮನೆಗಳಿಗೂ ಹೋಗುವುದು ನಿಮ್ಮ ಊರಿನ ರೀತಿ. ತಟ್ಟೆ ಒಯ್ಯುವಾಗ ಮಕ್ಕಳನ್ನೂ ಕರೆದುಕೊಂಡು ಹೋಗಿ, ಬಾಗಿಲು ತೆರೆದವರಿಗೆ ಅವರೇ ಕೊಡಲಿ. ಸಿಹಿ ಎಷ್ಟು ತಿನ್ನಿಸಬಹುದೆಂದು ನೀವು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಎರಡು ವರ್ಷ ತುಂಬದ ಮಗುವಿಗೆ ಸಕ್ಕರೆ ಬೆರೆಸಿದ್ದನ್ನು ಕೊಡುವುದೇ ಬೇಡವೆಂದು ಮಕ್ಕಳ ತಜ್ಞರು ಹೇಳುತ್ತಾರೆ. ನಿಮ್ಮ ಇಬ್ಬರೂ ಆ ವಯಸ್ಸು ದಾಟಿದ್ದಾರೆ, ಊಟವಾದ ಮೇಲೆ ನಾಲ್ಕೈದು ಕಿಡಿಯೋ ತಿಂದು ಹಲ್ಲುಜ್ಜಿ ಮಲಗಲಿ. ಮಾಡಿದವರೇ ಹೆಚ್ಚು ತಿನ್ನುತ್ತಾರೆಂಬ ನಿಮ್ಮ ಆತಂಕ ಬೇಡ. ನಾನು ಕಂಡ ಮಟ್ಟಿಗೆ, ತಾವೇ ಸುತ್ತಿದ ಕಿಡಿಯೋವನ್ನು ಮಕ್ಕಳು ತಿನ್ನುವುದಕ್ಕಿಂತ ಹೆಚ್ಚಾಗಿ ಇತರರಿಗೆ ತೋರಿಸುತ್ತಾರೆ, ಡಬ್ಬಿಯ ಮುಚ್ಚಳ ತೆಗೆದು ತಮ್ಮದು ಯಾವುದೆಂದು ಹುಡುಕುತ್ತಾರೆ. ಅದಕ್ಕೆಂದೇ ಅವರವರು ಸುತ್ತಿದ್ದನ್ನು ಬೇರೆ ಬೇರೆ ಕರಿದು, ಎರಡು ಚಿಕ್ಕ ಡಬ್ಬಿಗಳಲ್ಲಿ ಹಾಕಿ, ಮೇಲೆ ಹೆಸರು ಬರೆದಿಡಿ. ಅವರು ಊರಿಗೆ ಹೊರಡುವಾಗ ಆ ಡಬ್ಬಿಗಳೂ ಜೊತೆಗೆ ಹೋಗಲಿ.